ಕಿಡ್ನಿ ವೈದ್ಯರ ಬಳಿಗೆ ಯಾವಾಗ, ಕಿವಿ-ಮೂಗು-ಗಂಟಲಿನವರ ಬಳಿಗೆ ಯಾವಾಗ? ಲ್ಯಾಬ್ ಕಿಟಕಿಯಿಂದ ಕಂಡಷ್ಟು

ರಕ್ತ ಪರೀಕ್ಷೆಯ ವರದಿ ಕೈಗೆ ಬಂದೊಡನೆ ಜನ ಹುಡುಕುವುದು ದಪ್ಪ ಅಕ್ಷರವನ್ನು. ಮಿತಿ ಮೀರಿದ ಅಂಕಿಯನ್ನು ಕಂಪ್ಯೂಟರ್ ದಪ್ಪಗೆ ಮುದ್ರಿಸುತ್ತದೆ. ಅದು ಕಾಣದಿದ್ದರೆ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಡುತ್ತಾರೆ. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ರಕ್ತ ತೆಗೆಯುವುದು, ವರದಿ ಕೊಡುವುದು ನನ್ನ ಕೆಲಸ. ನಾನು ವೈದ್ಯನಲ್ಲ. ಆದರೆ ಯಾರು ಬೇಗ ಹೊರಟರು, ಯಾರು ತಡಮಾಡಿದರು ಎಂಬುದು ಕಿಟಕಿಯ ಈಚೆ ಕುಳಿತವನಿಗೆ ವರ್ಷ ಕಳೆದಂತೆ ತಾನಾಗಿ ತಿಳಿಯುತ್ತದೆ.

ಒಂದೇ ಬೆಳಿಗ್ಗೆ ಎರಡು ವರದಿ ಕೊಟ್ಟ ನೆನಪಿದೆ. ಎರಡರಲ್ಲೂ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ, 1.4. ಎರಡೂ ದಪ್ಪ ಅಕ್ಷರ. ಒಂದು, ಜಿಮ್‌ಗೆ ಹೋಗುವ ಇಪ್ಪತ್ತೈದರ ಹುಡುಗನದು. ಅವನ ಮುಖ ಬಿಳಿಚಿಕೊಂಡಿತು, ಮೊಬೈಲಿನಲ್ಲಿ ಅಲ್ಲಿಯೇ ಹುಡುಕಾಟ ಶುರುವಾಯಿತು. ಇನ್ನೊಂದು, ಅರವತ್ತೈದು ದಾಟಿದ ಸಣಕಲು ಅಮ್ಮನದು. ಅವರ ಮಗ ಹಾಳೆ ನೋಡಿ, "ಮಿತಿ 1.2 ಅಂತಿದೆ, ಇವರದು 1.4. ಒಂಚೂರು ಜಾಸ್ತಿ, ಅಷ್ಟೇ ಅಲ್ಲವೇ ಅಣ್ಣ?" ಎಂದರು. ನಿಜವಾಗಿ ಗಾಬರಿಯಾಗಬೇಕಾಗಿದ್ದವರು ಅವರು. ಹುಡುಗನಿಗೆ ಮೈತುಂಬ ಸ್ನಾಯು. ಕ್ರಿಯಾಟಿನಿನ್ ಹುಟ್ಟುವುದೇ ಸ್ನಾಯುವಿನಿಂದ. ವಯಸ್ಸು, ಲಿಂಗ ಸೇರಿಸಿ ಲೆಕ್ಕ ಹಾಕಿದರೆ ಅವನ ಕಿಡ್ನಿಯ ಸೋಸುವ ಶಕ್ತಿ 70ರ ಆಸುಪಾಸು, ಸ್ನಾಯುವಿನ ಪಾಲನ್ನು ಕಳೆದರೆ ಅದಕ್ಕಿಂತಲೂ ಹೆಚ್ಚಿದ್ದೀತು. ಅಮ್ಮನದು ಸುಮಾರು 42. ಅಂಕಿ ಒಂದೇ, ಸ್ಥಿತಿ ಬೇರೆ. ಆ ಅಮ್ಮನಿಗೆ ಎಲ್ಲಿಯೂ ನೋವಿರಲಿಲ್ಲ. ಅವರು ಬಂದದ್ದು ಸಕ್ಕರೆ ಕಾಯಿಲೆಯ ಮಾಮೂಲಿ ತಪಾಸಣೆಗೆ.

ನೋವಾದರೆ ಜನ ತಾವಾಗಿ ಓಡುತ್ತಾರೆ, ಹಲವು ಸಲ ತಪ್ಪು ಬಾಗಿಲಿಗೆ ಓಡುತ್ತಾರೆ. ನೋವಿಲ್ಲದ ಲಕ್ಷಣವನ್ನು ಮಾತ್ರ ಮನೆಯಲ್ಲಿಟ್ಟುಕೊಂಡು ಕೂರುತ್ತಾರೆ. ಕಿಡ್ನಿಯ ವಿಷಯದಲ್ಲಿಯೂ ಹೀಗೆಯೇ, ಕಿವಿ-ಮೂಗು-ಗಂಟಲಿನ ವಿಷಯದಲ್ಲಿಯೂ ಹೀಗೆಯೇ. ಆದ್ದರಿಂದ ಎರಡನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಬಾಗಿಲು ಯಾವುದೆಂದು ತಿಳಿಯಿರಿ

ಕಿಡ್ನಿ ಡಾಕ್ಟರ್ ಎಂದರೆ ಒಬ್ಬರಲ್ಲ, ಇಬ್ಬರು. ನೆಫ್ರಾಲಜಿಸ್ಟ್ ಎಂದರೆ ಔಷಧಿಯಿಂದ ಚಿಕಿತ್ಸೆ ಕೊಡುವವರು: ಕಿಡ್ನಿ ಸೋಸುವುದು ಕಡಿಮೆಯಾಗಿದ್ದರೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಡಯಾಲಿಸಿಸ್ ಬೇಕಾದರೆ ಅವರು. ಯುರಾಲಜಿಸ್ಟ್ ಎಂದರೆ ಶಸ್ತ್ರಚಿಕಿತ್ಸೆ ಮಾಡುವವರು: ಕಲ್ಲು, ಪ್ರಾಸ್ಟೇಟ್, ಮೂತ್ರನಾಳದ ಅಡಚಣೆ, ಗಡ್ಡೆ. ಮನೆಯವರಿಗೆ ನಾನು ಹೀಗೆ ಹೇಳುವುದುಂಟು: ಫಿಲ್ಟರ್ ಕೆಟ್ಟರೆ ನೆಫ್ರಾಲಜಿ, ಪೈಪು ಕಟ್ಟಿದರೆ ಯುರಾಲಜಿ. ಪೂರ್ತಿ ಸರಿಯಾದ ಹೋಲಿಕೆಯೇನಲ್ಲ, ಆದರೆ ಓ.ಪಿ.ಡಿ. ಚೀಟಿ ಬರೆಸುವಾಗ ದಾರಿ ತಪ್ಪಿಸುವುದಿಲ್ಲ.

ಇವರಿಬ್ಬರಿಗಿಂತ ಮೊದಲು ನಿಮ್ಮೂರಿನ ಎಂ.ಬಿ.ಬಿ.ಎಸ್. ವೈದ್ಯರೋ ತಾಲ್ಲೂಕು ಆಸ್ಪತ್ರೆಯ ಫಿಜಿಷಿಯನ್ನರೋ ಇದ್ದಾರೆ. ಮುಕ್ಕಾಲು ಪಾಲು ವಿಷಯ ಅಲ್ಲಿಯೇ ಬಗೆಹರಿಯುತ್ತದೆ. ಸೊಂಟ ಹಿಡಿದರೆ ಕಿಡ್ನಿಯೇ ಹೋಯಿತೆಂದು ನೂರು ಕಿಲೋಮೀಟರ್ ಪ್ರಯಾಣ ಮಾಡಿದವರನ್ನು ಕಂಡಿದ್ದೇನೆ. ಬಗ್ಗಿದಾಗ ಹೆಚ್ಚಾಗುವ, ಮಲಗಿದಾಗ ಇಳಿಯುವ ಬೆನ್ನುನೋವು ಬಹುಪಾಲು ಸ್ನಾಯುವಿನದು, ಮೂಳೆಯದು. ಅದಕ್ಕೂ ಕಿಡ್ನಿಗೂ ನೆಂಟಸ್ತಿಕೆ ಕಡಿಮೆ.

ನಂತರ ಎರಡು ಪರೀಕ್ಷೆ

ಸಕ್ಕರೆ ಕಾಯಿಲೆ ಇರುವವರು, ಬಿ.ಪಿ. ಇರುವವರು, ತಂದೆ ತಾಯಿ ಒಡಹುಟ್ಟಿದವರಲ್ಲಿ ಕಿಡ್ನಿ ಕಾಯಿಲೆ ಇರುವವರು, ಹೃದಯದ ಕಾಯಿಲೆಯವರು, ಬಸಿರಿನಲ್ಲಿ ಬಿ.ಪಿ. ಏರಿ ತೊಂದರೆಪಟ್ಟ ಹೆಂಗಸರು ವರ್ಷಕ್ಕೊಮ್ಮೆ ಎರಡು ಪರೀಕ್ಷೆ ಮಾಡಿಸಬೇಕು. ಒಂದು ರಕ್ತದ ಕ್ರಿಯಾಟಿನಿನ್. ಇನ್ನೊಂದು ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಮತ್ತು ಕ್ರಿಯಾಟಿನಿನ್ ಅನುಪಾತ. ಇದನ್ನು ವೈದ್ಯರ ಚೀಟಿಯಲ್ಲಿ ಎ.ಸಿ.ಆರ್. ಎಂದು ಬರೆದಿರುತ್ತಾರೆ.

ಮೊದಲನೆಯದನ್ನು ಎಲ್ಲರೂ ಮಾಡಿಸುತ್ತಾರೆ, ಎರಡನೆಯದನ್ನು ಖರ್ಚೆಂದು ಬಿಡುತ್ತಾರೆ. ನನಗೆ ಬೇಸರವಾಗುವುದು ಇಲ್ಲಿಯೇ. ಕ್ರಿಯಾಟಿನಿನ್ ಮಿತಿ ದಾಟುವಷ್ಟರಲ್ಲಿ ಕಿಡ್ನಿಯ ಶಕ್ತಿ ಅರ್ಧದಷ್ಟು ಇಳಿದಿರಬಹುದು. ಮೂತ್ರದಲ್ಲಿ ಅಲ್ಬುಮಿನ್ ಸೋರುವುದು ಅದಕ್ಕಿಂತ ಎಷ್ಟೋ ಮೊದಲು, ಕೆಲವೊಮ್ಮೆ ವರ್ಷಗಳ ಮೊದಲು. ಎರಡರಲ್ಲಿ ಒಂದಕ್ಕೇ ದುಡ್ಡಿದೆ ಎಂದು ಸಕ್ಕರೆ ಕಾಯಿಲೆಯವರು ನನ್ನನ್ನು ಕೇಳಿದರೆ, ಹೇಗಾದರೂ ಮಾಡಿ ಮೂತ್ರದ್ದನ್ನೂ ಮಾಡಿಸಿ ಎನ್ನುತ್ತೇನೆ.

ಮೂತ್ರ ಕೊಡುವುದಕ್ಕೂ ಒಂದು ಕ್ರಮವಿದೆ. ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೊದಲ ಮೂತ್ರ ಒಳ್ಳೆಯದು. ಆರಂಭದ ಧಾರೆಯನ್ನು ಬಿಟ್ಟು ನಡುವಿನದನ್ನು ಹಿಡಿಯಿರಿ. ಜ್ವರವಿದ್ದಾಗ, ಮುಟ್ಟಿನ ದಿನಗಳಲ್ಲಿ, ಉರಿಮೂತ್ರವಿದ್ದಾಗ, ಹಿಂದಿನ ದಿನ ಮೈಮುರಿಯುವಂತೆ ದುಡಿದಾಗ ಕೊಟ್ಟರೆ ಅಲ್ಬುಮಿನ್ ಸುಳ್ಳಾಗಿ ಹೆಚ್ಚು ತೋರಬಹುದು. ತೊಳೆದ ಹಾರ್ಲಿಕ್ಸ್ ಬಾಟಲಿಯಲ್ಲಿ ತರಬೇಡಿ, ಡಬ್ಬಿ ನಾವೇ ಕೊಡುತ್ತೇವೆ.

ಅಂಕಿ ನೋಡಿ ಹೊರಡುವುದು

ವರದಿಯಲ್ಲಿ ಕ್ರಿಯಾಟಿನಿನ್ ಕೆಳಗೆ ಈಗ ಬಹಳ ಕಡೆ ಇ.ಜಿ.ಎಫ್.ಆರ್. ಎಂಬ ಇನ್ನೊಂದು ಅಂಕಿ ಇರುತ್ತದೆ. ಮೇಲೆ ನಾನು ಹೇಳಿದ ಸೋಸುವ ಶಕ್ತಿ ಅದೇ. ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತದ್ರವವನ್ನು ಕಿಡ್ನಿಗಳು ಸೋಸುತ್ತಿವೆ ಎಂಬ ಅಂದಾಜು. 90ರ ಮೇಲಿದ್ದರೆ ಚೆನ್ನ. 60ರ ಕೆಳಗಿದ್ದು, ಮೂರು ತಿಂಗಳ ನಂತರವೂ ಕೆಳಗೇ ಇದ್ದರೆ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತಾರೆ. ಒಂದು ಸಲದ ವರದಿಯಿಂದ ತೀರ್ಮಾನಕ್ಕೆ ಬರಬಾರದು. ವಾಂತಿ ಭೇದಿಯಾಗಿ ನೀರಿಳಿದಾಗ, ಹಿಂದಿನ ರಾತ್ರಿ ಭರ್ಜರಿ ಮಾಂಸದೂಟ ಮಾಡಿದಾಗ, ಜಿಮ್ ಹುಡುಗರು ಕ್ರಿಯಾಟಿನ್ ಪುಡಿ ನುಂಗುವಾಗ ಕ್ರಿಯಾಟಿನಿನ್ ಏರಿ ಈ ಅಂಕಿ ಇಳಿಯುತ್ತದೆ.

ಮೂತ್ರದ ಅನುಪಾತ 30ರ ಒಳಗಿದ್ದರೆ ಸರಿ. 30ರಿಂದ 300ರ ನಡುವೆ ಇದ್ದರೆ ನಿಮ್ಮ ಫಿಜಿಷಿಯನ್ನರೇ ಸಕ್ಕರೆ, ಬಿ.ಪಿ. ಹತೋಟಿಗೆ ತಂದು, ಕಿಡ್ನಿ ಕಾಯುವ ಮಾತ್ರೆಗಳನ್ನು ಕೊಟ್ಟು ನೋಡಿಕೊಳ್ಳಬಲ್ಲರು. ನೆಫ್ರಾಲಜಿಸ್ಟ್ ಬಳಿಗೆ ಹೋಗಲೇಬೇಕಾದದ್ದು ಇಂಥ ಸಂದರ್ಭಗಳಲ್ಲಿ: ಇ.ಜಿ.ಎಫ್.ಆರ್. 30ಕ್ಕಿಂತ ಕೆಳಗೆ ಬಂದಾಗ. ಅನುಪಾತ 300 ದಾಟಿ ಅಲ್ಲಿಯೇ ನಿಂತಾಗ. ಕೆಲವೇ ತಿಂಗಳಲ್ಲಿ ಇ.ಜಿ.ಎಫ್.ಆರ್. ಸರಸರನೆ ಇಳಿಯುತ್ತಿರುವಾಗ. ನಾಲ್ಕು ಬಗೆಯ ಮಾತ್ರೆ ನುಂಗಿದರೂ ಬಿ.ಪಿ. ಬಗ್ಗದಾಗ, ರಕ್ತದಲ್ಲಿ ಪೊಟ್ಯಾಸಿಯಂ ಮತ್ತೆ ಮತ್ತೆ ಏರುಪೇರಾದಾಗ, ಸ್ಕ್ಯಾನಿಂಗ್‌ನಲ್ಲಿ ಎರಡೂ ಕಿಡ್ನಿಗಳ ತುಂಬ ನೀರುಗುಳ್ಳೆ ಕಂಡು, ಮನೆಯ ಹಿರಿಯರಲ್ಲಿಯೂ ಅದೇ ಇದ್ದಾಗ.

30 ಎಂಬ ಗೆರೆ ಏಕೆ? ಮುಂದೊಂದು ದಿನ ಡಯಾಲಿಸಿಸ್ ಬೇಕಾಗಬಹುದಾದರೆ, ಮುಂಗೈಯಲ್ಲಿ ಅಪಧಮನಿಗೆ ಅಭಿಧಮನಿಯನ್ನು ಜೋಡಿಸುವ ಫಿಸ್ಟುಲಾ ಎಂಬ ಸಣ್ಣ ಶಸ್ತ್ರಚಿಕಿತ್ಸೆ ಮಾಡಬೇಕು. ಅದು ಬಲಿತು ಸೂಜಿ ಚುಚ್ಚಲು ಯೋಗ್ಯವಾಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ತಡವಾಗಿ ಬಂದವರಿಗೆ ಅಷ್ಟು ಬಿಡುವಿರುವುದಿಲ್ಲ. ಉಸಿರು ಕಟ್ಟಿದ ರಾತ್ರಿ ಕುತ್ತಿಗೆಗೆ ಕೊಳವೆ ಹಾಕಿ ಡಯಾಲಿಸಿಸ್ ಆರಂಭಿಸುತ್ತಾರೆ, ಸೋಂಕಿನ ಭಯ ಬೆನ್ನಿಗೇ ಬರುತ್ತದೆ. ಬೇಗ ಹೋದವರೆಲ್ಲರಿಗೂ ಡಯಾಲಿಸಿಸ್ ಆಗಿಯೇ ಬಿಡುತ್ತದೆ ಎಂದೂ ಅಲ್ಲ. "ಅಲ್ಲಿಗೆ ಹೋದರೆ ಡಯಾಲಿಸಿಸ್‌ಗೆ ಹಾಕಿಬಿಡುತ್ತಾರೆ" ಎಂಬ ಮಾತು ನಮ್ಮ ಕಡೆ ಮನೆಮನೆಯಲ್ಲಿದೆ. ವಾಸ್ತವದಲ್ಲಿ ಬೇಗ ಹೋಗುವುದೇ ಅದನ್ನು ವರ್ಷಗಟ್ಟಲೆ ಮುಂದೂಡುವ ದಾರಿ. ಸಕ್ಕರೆ ಕಾಯಿಲೆಗೆಂದು ಬಂದ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಕಿಡ್ನಿ ಕೆಡುವ ವೇಗವನ್ನು ತಗ್ಗಿಸುತ್ತವೆ ಎಂಬುದು ಈಗ ಸಾಬೀತಾಗಿರುವ ವಿಷಯ.

ಇಲ್ಲಿ ಒಂದು ಎಚ್ಚರಿಕೆ. ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಜಾತಿಯ ಬಿ.ಪಿ. ಮಾತ್ರೆ ಶುರುಮಾಡಿದ ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರುವುದು ಸಹಜ. ಶೇಕಡ 30ರವರೆಗಿನ ಏರಿಕೆಯನ್ನು ವೈದ್ಯರು ಸಾಮಾನ್ಯವಾಗಿ ಸಹಿಸುತ್ತಾರೆ. ವರದಿ ನೋಡಿ ಮನೆಯಲ್ಲಿಯೇ ಮಾತ್ರೆ ನಿಲ್ಲಿಸಬೇಡಿ, ಫೋನ್ ಮಾಡಿ ಕೇಳಿ.

ಅಂಕಿಗೆ ಕಾಯದೆ ಹೊರಡುವುದು

ಮಗು ಬೆಳಿಗ್ಗೆ ಏಳುವಾಗ ಕಣ್ಣಿನ ಸುತ್ತ ಊದಿಕೊಂಡಿರುತ್ತದೆ, ಮಧ್ಯಾಹ್ನಕ್ಕೆ ಇಳಿಯುತ್ತದೆ. "ಮಗು ಮೈ ತುಂಬಿಕೊಂಡಿದೆ" ಎಂದು ಅಜ್ಜಿ ಸಂತೋಷಪಡುತ್ತಾರೆ. ಇಲ್ಲವೇ ಕಣ್ಣಿನ ಅಲರ್ಜಿ ಎಂದು ಡ್ರಾಪ್ಸ್ ಹಾಕುತ್ತಾರೆ. ನಾಲ್ಕು ದಿನಕ್ಕೆ ಚಡ್ಡಿಯ ಎಲಾಸ್ಟಿಕ್ ಸೊಂಟದಲ್ಲಿ ಅಚ್ಚೊತ್ತಿದಂತೆ ಕೂರುತ್ತದೆ, ಮೂತ್ರ ನೊರೆನೊರೆಯಾಗುತ್ತದೆ. ಇದು ನೆಫ್ರೋಟಿಕ್ ಸಿಂಡ್ರೋಮ್ ಇರಬಹುದು. ಮೂತ್ರದಲ್ಲಿ ಪ್ರೋಟೀನ್ ಹರಿದುಹೋಗಿ ಮೈಯಲ್ಲಿ ನೀರು ನಿಲ್ಲುವ ಕಾಯಿಲೆ. ಮಕ್ಕಳಲ್ಲಿ ಹೆಚ್ಚಿನವರು ಸ್ಟೀರಾಯ್ಡ್ ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುತ್ತಾರೆ. ಮೊದಲು ಮಕ್ಕಳ ತಜ್ಞರು ನೋಡಲಿ, ಅವರು ಹೇಳಿದರೆ ಮಕ್ಕಳ ನೆಫ್ರಾಲಜಿಸ್ಟ್. ದೊಡ್ಡವರಲ್ಲಿಯೂ ಕಾಲಿನ ಬಾವು ಮತ್ತು ಆರದ ನೊರೆ ಒಟ್ಟಿಗೆ ಕಂಡರೆ ವಾರದೊಳಗೆ ಮೂತ್ರ ಪರೀಕ್ಷೆ ಆಗಬೇಕು. ರಭಸವಾಗಿ ಹೋದಾಗ ಬರುವ ನೊರೆ ಬೇಗ ಒಡೆಯುತ್ತದೆ. ಪ್ರೋಟೀನಿನ ನೊರೆ ನೀರು ಹಾಕಿದರೂ ಪಾತ್ರೆ ತೊಳೆದ ನೊರೆಯಂತೆ ಅಂಟಿಕೊಂಡಿರುತ್ತದೆ.

ಮೂತ್ರ ಕೆಂಪಾದರೆ ಮೊದಲು ನೆನಪಿಸಿಕೊಳ್ಳಿ: ನಿನ್ನೆ ಬೀಟ್‌ರೂಟ್ ತಿಂದಿರಾ? ಕ್ಷಯದ ಮಾತ್ರೆ ನುಂಗುತ್ತಿದ್ದೀರಾ? ಅದಲ್ಲವಾದರೆ ರಕ್ತ. ನೋವಿನ ಜೊತೆ ಬಂದ ರಕ್ತ ಕಲ್ಲಿನದೋ ಸೋಂಕಿನದೋ ಇರಬಹುದು. ನಲವತ್ತು ದಾಟಿದವರಿಗೆ, ಅದರಲ್ಲಿಯೂ ಬೀಡಿ ಸಿಗರೇಟು ಸೇದುವವರಿಗೆ ನೋವೇ ಇಲ್ಲದೆ ಒಮ್ಮೆ ರಕ್ತ ಬಂದು ತಾನೇ ನಿಂತರೆ ಅದು ವಾಸಿಯಾದ ಲಕ್ಷಣವಲ್ಲ. ಮೂತ್ರಕೋಶದ ಅಥವಾ ಕಿಡ್ನಿಯ ಗಡ್ಡೆ ಹೀಗೆಯೇ ಶುರುವಾಗುತ್ತದೆ. ಒಂದೇ ಸಲವಾದರೂ ಯುರಾಲಜಿಸ್ಟ್ ನೋಡಬೇಕು.

ಆ ದಿನವೇ ಆಸ್ಪತ್ರೆ ಸೇರಬೇಕಾದವು ನಮ್ಮ ಮಲೆನಾಡು ಕರಾವಳಿಯಲ್ಲಿ ಬೇರೆಯೇ ಇವೆ. ಮಳೆಗಾಲದಲ್ಲಿ ಗದ್ದೆಯ ಕೆಸರಲ್ಲಿ ನಿಂತು ಕೆಲಸ ಮಾಡಿದವರಿಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಅಥವಾ ಹಳದಿ, ಮೂತ್ರ ಕಡಿಮೆ ಎಂದಾದರೆ ಇಲಿಜ್ವರದ ಅನುಮಾನ ಬರಬೇಕು. ಕಿಡ್ನಿಯನ್ನು ದಿನಗಳಲ್ಲಿ ಕೆಡವಬಲ್ಲ ರೋಗವದು. ಸಮಯಕ್ಕೆ ಚಿಕಿತ್ಸೆ ಸಿಕ್ಕರೆ ಬಹುಪಾಲು ಕಿಡ್ನಿ ಚೇತರಿಸಿಕೊಳ್ಳುತ್ತದೆ. ಕೊಳಕುಮಂಡಲ ಕಚ್ಚಿದರೂ ಅಷ್ಟೇ: ವಿಷ ರಕ್ತವನ್ನು ಕೆಡಿಸಿ ಕಿಡ್ನಿಯನ್ನು ಹಿಡಿಯುತ್ತದೆ. ನಾಟಿ ಔಷಧಿಯವರ ಅಂಗಳದಲ್ಲಿ ಕಳೆಯುವ ಒಂದೊಂದು ಗಂಟೆಗೂ ಬೆಲೆ ತೆರಬೇಕಾಗುತ್ತದೆ. ಹನ್ನೆರಡು ಗಂಟೆ ಮೂತ್ರವೇ ಆಗಿಲ್ಲವೆಂದರೆ ಕಾರಣ ಯಾವುದೇ ಇರಲಿ, ತುರ್ತು ವಿಭಾಗ.

ಕಲ್ಲಿನ ಕಥೆ

ಪಕ್ಕೆಯಿಂದ ಹೊರಟು ತೊಡೆಸಂದಿಗೆ ಇಳಿಯುವ ನೋವು, ಕೂತರೂ ನಿಂತರೂ ಸಮಾಧಾನವಿಲ್ಲ, ವಾಂತಿ. ಇದನ್ನು ಯಾರೂ ನಿರ್ಲಕ್ಷಿಸುವುದಿಲ್ಲ, ಆದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. 5 ಮಿಲಿಮೀಟರಿಗಿಂತ ಸಣ್ಣ ಕಲ್ಲು ಹೆಚ್ಚಾಗಿ ತಾನೇ ಹೋಗುತ್ತದೆ. 10 ದಾಟಿದ್ದು ಅಪರೂಪಕ್ಕೆ ಹೋದೀತು. ಬಾಳೆದಿಂಡಿನ ರಸ ಕುಡಿದು ಕಲ್ಲು ಬಿತ್ತು ಎನ್ನುವವರ ಕಲ್ಲು ಬಹುಶಃ ಬೀಳುವ ಗಾತ್ರದ್ದೇ ಆಗಿತ್ತು. ದಿಂಡಿನ ಪಲ್ಯ ರುಚಿ, ತಿನ್ನಿ. ಚಿಕಿತ್ಸೆಯೆಂದು ನಂಬಿ ಕೂರಬೇಡಿ. ಕಲ್ಲಿನ ನೋವಿನ ಜೊತೆ ಚಳಿಜ್ವರ ಬಂದರೆ ಕಟ್ಟಿಕೊಂಡ ಮೂತ್ರದಲ್ಲಿ ಕೀವಾಗಿದೆ ಎಂದರ್ಥ. ರಾತ್ರಿಯಾದರೂ ಹೊರಡಿ. ನೋವು ಒಮ್ಮೆಗೇ ನಿಂತುಹೋದರೂ ಸ್ಕ್ಯಾನಿಂಗ್ ಮಾಡಿಸಿ. ಕಲ್ಲು ನಾಳದಲ್ಲಿಯೇ ಸಿಕ್ಕಿಕೊಂಡು, ಸದ್ದಿಲ್ಲದೆ ಆ ಕಡೆಯ ಕಿಡ್ನಿ ಹಾಳಾಗಿರುವುದೂ ಉಂಟು.

ಮೆಡಿಕಲ್ ಶಾಪು ಮತ್ತು ಹಿತ್ತಲು

ಆ ಸಣಕಲು ಅಮ್ಮನ ಬುಟ್ಟಿಯಲ್ಲಿ ಸಕ್ಕರೆ ಮಾತ್ರೆಯ ಜೊತೆ ಬಿಡಿ ಮಾತ್ರೆಗಳ ಒಂದು ಕಾಗದದ ಪೊಟ್ಟಣವಿತ್ತು. ಮೊಣಕಾಲು ನೋವಿಗೆಂದು ಅಂಗಡಿಯವರು ಕತ್ತರಿಸಿ ಕೊಟ್ಟ ಡೈಕ್ಲೋಫಿನಾಕ್, ದಿನಕ್ಕೆರಡು, ಎರಡು ವರ್ಷದಿಂದ. ಅದನ್ನು ಅವರು ಔಷಧಿಯ ಲೆಕ್ಕಕ್ಕೇ ಹಿಡಿದಿರಲಿಲ್ಲ. ವೈದ್ಯರು ಯಾವ ಮಾತ್ರೆ ನುಂಗುತ್ತೀರಿ ಎಂದು ಕೇಳಿದಾಗ ಸಕ್ಕರೆಯದನ್ನು ಮಾತ್ರ ತೋರಿಸಿದ್ದರಂತೆ. ಡೈಕ್ಲೋಫಿನಾಕ್, ಐಬುಪ್ರೊಫೆನ್, ಅಸಿಕ್ಲೋಫಿನಾಕ್ ಮುಂತಾದ ನೋವಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಒಂದೆರಡು ದಿನ ಆರೋಗ್ಯವಂತರು ನುಂಗಿದರೆ ದೊಡ್ಡದಲ್ಲ. ಸಕ್ಕರೆ, ಬಿ.ಪಿ. ಇರುವವರು, ವಯಸ್ಸಾದವರು, ಭೇದಿಯಾಗಿ ಸೊರಗಿದವರು ನುಂಗುವುದು ಬೇರೆ ಮಾತು. ಅವರಿಗೆ ಪ್ಯಾರಾಸಿಟಮಾಲ್ ಮೇಲು, ಅದನ್ನೂ ವೈದ್ಯರು ಹೇಳಿದ ಪ್ರಮಾಣದಲ್ಲಿ.

ಹೆಸರಿಲ್ಲದ ಚೂರ್ಣ, ಭಸ್ಮಗಳ ವಿಷಯದಲ್ಲಿಯೂ ಬಾಯಿಬಿಟ್ಟು ಹೇಳಿ. ಕೆಲವದರಲ್ಲಿ ಸೀಸ, ಪಾದರಸ ಇರುತ್ತವೆ, ಕೆಲವದರಲ್ಲಿ ನೋವಿನ ಮಾತ್ರೆಯನ್ನೇ ಅರೆದು ಬೆರೆಸಿರುತ್ತಾರೆ. ಬೈಯುತ್ತಾರೆಂದು ಮುಚ್ಚಿಟ್ಟರೆ ನಷ್ಟ ನಿಮಗೆ.

ಹಿತ್ತಲಿನದೂ ಒಂದಿದೆ. ಧಾರೆಹುಳಿ, ಬಿಂಬುಳಿ ಎರಡರಲ್ಲಿಯೂ ಆಕ್ಸಲೇಟ್ ವಿಪರೀತ. ಉಪ್ಪಿನಕಾಯಿಯ ಹೋಳಿಗೆ, ಸಾರಿನ ಹುಳಿಗೆ ಭಯವಿಲ್ಲ. ಕೊಬ್ಬು ಕರಗುತ್ತದೆ, ಸಕ್ಕರೆ ಇಳಿಯುತ್ತದೆ ಎಂದು ಲೋಟಗಟ್ಟಲೆ ರಸ ಕುಡಿದವರಲ್ಲಿ ಆಕ್ಸಲೇಟ್ ಹರಳುಗಟ್ಟಿ ಕಿಡ್ನಿ ನಿಂತುಹೋದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಕಿಡ್ನಿ ಮೊದಲೇ ಸೋತಿದ್ದರೆ ಧಾರೆಹುಳಿಯ ಹಣ್ಣು ತಿಂದು ಬಿಡದ ಬಿಕ್ಕಳಿಕೆ, ಮಂಪರು ಬಂದು ಜೀವಕ್ಕೇ ಕುತ್ತಾಗಬಹುದು. ಅಂಥವರು ಅದನ್ನು ಮುಟ್ಟಲೇಬಾರದು.

ಗಂಟಲಿನಿಂದ ಕಿಡ್ನಿಗೆ

ಈ ಎರಡು ವಿಭಾಗಗಳು ಆಸ್ಪತ್ರೆಯಲ್ಲಿ ಬೇರೆ ಬೇರೆ ಮಹಡಿಯಲ್ಲಿದ್ದರೂ ಮೈಯೊಳಗೆ ನೆರೆಹೊರೆ. ಮಗುವಿಗೆ ಗಂಟಲು ನೋವು, ಜ್ವರ ಬಂದು ಹೋಗಿ ಒಂದರಿಂದ ಮೂರು ವಾರಕ್ಕೆ ಮೂತ್ರ ಹಾಲಿಲ್ಲದ ಚಹಾದಂತೆ ಕಂದಾದರೆ, ಮುಖ ಊದಿದರೆ, ಗಂಟಲಿನಲ್ಲಿದ್ದ ಸ್ಟ್ರೆಪ್ಟೋಕಾಕಸ್ ರೋಗಾಣುವಿನ ವಿರುದ್ಧ ಮೈ ನಡೆಸಿದ ಹೋರಾಟದ ಏಟು ಕಿಡ್ನಿಗೆ ಬಿದ್ದಿದೆ. ಕಜ್ಜಿ ಹುಣ್ಣಿನ ನಂತರವೂ ಹೀಗಾಗುತ್ತದೆ, ಇನ್ನೂ ಕೆಲವು ವಾರ ತಡವಾಗಿ. ಮಗುವಿನ ಬಿ.ಪಿ. ನೋಡಿಸಲೇಬೇಕು.

ಕಿಡ್ನಿ ಸೋತವರಿಗೆ ಜೆಂಟಾಮೈಸಿನ್, ಅಮಿಕಾಸಿನ್ ಇಂಜೆಕ್ಷನ್ ಕೊಡುವಾಗ ಪ್ರಮಾಣ ತಪ್ಪಿದರೆ ಕಿಡ್ನಿಯ ಜೊತೆ ಕಿವಿಯೂ ಹೋಗುತ್ತದೆ. ಆದ್ದರಿಂದ ಯಾವ ಕ್ಲಿನಿಕ್ಕಿಗೆ ಹೋದರೂ "ನನಗೆ ಕಿಡ್ನಿ ತೊಂದರೆ ಇದೆ" ಎಂಬುದು ಮೊದಲ ವಾಕ್ಯವಾಗಲಿ. ಮನೆತನದಲ್ಲಿ ಗಂಡು ಮಕ್ಕಳಿಗೆ ಎಳೆಯ ವಯಸ್ಸಿನಲ್ಲಿ ಕಿವಿ ಮಂದವಾಗಿ, ಮುಂದೆ ಕಿಡ್ನಿಯೂ ಕೆಡುತ್ತ ಬಂದಿದ್ದರೆ ಆಲ್ಪೋರ್ಟ್ ಎಂಬ ವಂಶವಾಹಿ ಕಾಯಿಲೆ ಇರಬಹುದು. ಅಲ್ಲಿ ಇಬ್ಬರು ತಜ್ಞರೂ ಬೇಕು.

ಕಿವಿ, ಮೂಗು, ಗಂಟಲು

ನೆಗಡಿ, ಕೆಮ್ಮು, ನಾಲ್ಕು ದಿನದ ಗಂಟಲು ನೋವಿಗೆ ತಜ್ಞರು ಬೇಡ. ಒಂದೇ ಕಡೆ ಆಗುವುದು, ಮೂರು ವಾರ ದಾಟುವುದು, ನೋವಿಲ್ಲದೆ ಬೆಳೆಯುವುದು: ಇವು ಮೂರು ಎಚ್ಚರದ ಗಂಟೆಗಳು.

ಬೆಳಿಗ್ಗೆ ಏಳುವಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸುತ್ತಿಲ್ಲ. ಗುಗ್ಗೆ ತುಂಬಿದೆ ಎಂದು ಎಣ್ಣೆ ಬಿಟ್ಟು ಹದಿನೈದು ದಿನ ಕಳೆಯುತ್ತಾರೆ. ಕಿವಿಯ ನರ ಸೋತಿದ್ದರೆ ಸ್ಟೀರಾಯ್ಡ್ ಚಿಕಿತ್ಸೆ ಫಲ ಕೊಡುವುದು ಆರಂಭದ ದಿನಗಳಲ್ಲಿ, ಎರಡು ವಾರದೊಳಗೆ. ಇದಕ್ಕೆ ನಾಳೆಯ ಅಪಾಯಿಂಟ್‌ಮೆಂಟ್ ಬೇಕು, ಮುಂದಿನ ತಿಂಗಳದ್ದಲ್ಲ. ಕಿವಿಯಿಂದ ದುರ್ನಾತದ ಸೋರಿಕೆ ಇದ್ದು ನೋವಿಲ್ಲದಿದ್ದರೆ ಅದು ಇನ್ನೂ ಕೆಟ್ಟದ್ದು. ಒಳಗೆ ಚರ್ಮ ಬೆಳೆದು ಮೂಳೆಯನ್ನೇ ಸವೆಸುತ್ತಿರಬಹುದು, ಆಚೆಗೆ ಇರುವುದು ಮಿದುಳು. ಸೋರುವ ಕಿವಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುವ ಅಜ್ಜಿಯರಿಗೆ ಕೈಮುಗಿದು ಬೇಡವೆನ್ನಿ. ತಮಟೆಯಲ್ಲಿ ತೂತಿದ್ದರೆ ಎಣ್ಣೆ ನೇರ ಒಳಗಿಳಿಯುತ್ತದೆ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ ಕಿವಿಯವರನ್ನು ಹುಡುಕುತ್ತ ಕೂರಬೇಡಿ. ಅದು ಪಾರ್ಶ್ವವಾಯು ಇರಬಹುದು, ಸ್ಕ್ಯಾನಿಂಗ್ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ.

ಮಗುವಿನ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬರುತ್ತಿದ್ದರೆ ಒಳಗೆ ಹುಣಸೆಬೀಜವೋ ರಬ್ಬರ್ ಚೂರೋ ಇದೆ. ಆಟಿಕೆಯ ಗುಂಡಿ ಬ್ಯಾಟರಿಯಾದರೆ ಕೆಲವೇ ಗಂಟೆಗಳಲ್ಲಿ ಮೂಗಿನ ಗೋಡೆ ಸುಟ್ಟು ತೂತಾಗುತ್ತದೆ, ತಕ್ಷಣ ಹೊರಡಿ. ಮೂಗಿನಿಂದ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸುವುದು ತಪ್ಪು. ಮುಂದಕ್ಕೆ ಬಾಗಿ, ಮೂಗಿನ ಮೃದು ಭಾಗವನ್ನು ಬಿಡದೆ ಹತ್ತು ಹದಿನೈದು ನಿಮಿಷ ಹಿಡಿದುಕೊಳ್ಳಿ, ನಡುನಡುವೆ ಬಿಟ್ಟು ನೋಡಬೇಡಿ. ಆಮೇಲೂ ನಿಲ್ಲದಿದ್ದರೆ ಆಸ್ಪತ್ರೆ. ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ ಒಂದು ಕೆನ್ನೆ ನೋವು, ಕಣ್ಣ ಸುತ್ತ ಬಾವು, ಮೂಗಿನಲ್ಲಿ ಕಪ್ಪು ಹಕ್ಕಳೆ ಕಂಡರೆ 2021ರಲ್ಲಿ ನಾವೆಲ್ಲ ಕೇಳಿದ ಕಪ್ಪು ಶಿಲೀಂಧ್ರವನ್ನು ನೆನಪಿಸಿಕೊಳ್ಳಿ. ಅದು ಕೋವಿಡ್‌ನೊಂದಿಗೆ ಹೊರಟುಹೋಗಿಲ್ಲ.

ಗಂಟಲಿನ ವಿಷಯ ಬರೆಯುವಾಗ ನನಗೆ ಸ್ವಲ್ಪ ಸಂಕೋಚ. ನಮ್ಮೂರಿನ ಅನ್ನವೇ ಅಡಿಕೆ. ಆದರೆ ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿಯೇ ಹೇಳಿದೆ. ಎಲೆ ಅಡಿಕೆ, ಗುಟ್ಕಾ ಜಗಿಯುವವರು ಕನ್ನಡಿಯ ಮುಂದೆ ನಿಂತು ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ ಕೆಳಗಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಹಿಡಿಸದಿದ್ದರೆ, ಖಾರ ಮುಟ್ಟಿದರೆ ಬಾಯಿ ಉರಿದರೆ, ಕೆನ್ನೆಯ ಒಳಗೆ ಬಿಳಿ ಕೆಂಪು ಮಚ್ಚೆ ಇದ್ದರೆ ತೋರಿಸಿ. ಮೂರು ವಾರಕ್ಕೂ ಮಾಯದ ಹುಣ್ಣು, ಮೂರು ವಾರ ದಾಟಿದ ಒಡಕು ದನಿ, ಕುತ್ತಿಗೆಯಲ್ಲಿ ನೋವಿಲ್ಲದ ಗಂಟು, ನುಂಗುವಾಗ ಸಿಕ್ಕಿಕೊಳ್ಳುವುದು, ಇವೆಲ್ಲಕ್ಕೂ ಕಿವಿ-ಮೂಗು-ಗಂಟಲಿನ ತಜ್ಞರು ಸಣ್ಣ ಕ್ಯಾಮೆರಾ ಹಾಕಿ ನೋಡಲೇಬೇಕು. ನೋವಿದ್ದ ಹುಣ್ಣು ಅಚ್ಚಕನ್ನಡದಲ್ಲಿ ಬೈದು ಎಬ್ಬಿಸುತ್ತದೆ, ನೋವಿಲ್ಲದ್ದು ಸುಮ್ಮನೆ ಬೆಳೆಯುತ್ತದೆ.

ಹಸುಗೂಸಿನ ಕಿವಿಗೆ ಒಂದು ಸೂತ್ರವಿದೆ: ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ. "ಅವರಪ್ಪನಿಗೂ ಮಾತು ತಡವಾಗಿತ್ತು" ಎಂದು ಎರಡು ವರ್ಷ ಕಾಯುವುದು ಬೇಡ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಕೆಲಸಕ್ಕೆಂದು ಇರುವ ಕೇಂದ್ರ ಸರ್ಕಾರದ ಸಂಸ್ಥೆ.

ಹೊರಡುವ ಹಿಂದಿನ ರಾತ್ರಿ

ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹಳೆಯ ವರದಿಗಳನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿ. ಕಿಡ್ನಿ ವೈದ್ಯರಿಗೆ ಇಂದಿನ 1.4ಕ್ಕಿಂತ ಹೋದ ವರ್ಷ ಎಷ್ಟಿತ್ತು ಎಂಬುದು ಮುಖ್ಯ. 1.4 ಐದು ವರ್ಷದಿಂದ ಅಲ್ಲೇ ನಿಂತಿದ್ದರೆ ಒಂದು ಮಾತು, ಆರು ತಿಂಗಳ ಹಿಂದೆ 0.8 ಇದ್ದರೆ ಬೇರೆ ಮಾತು. ಎಲ್ಲ ಮಾತ್ರೆಗಳ ಪಟ್ಟಿಗಳನ್ನು, ಚೂರ್ಣದ ಡಬ್ಬಿಯನ್ನು ಚೀಲಕ್ಕೆ ಹಾಕಿ. ಒಂದು ವಾರದ ಬಿ.ಪಿ.ಯನ್ನು ಬೆಳಿಗ್ಗೆ ಸಂಜೆ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಕಿವಿಗೆ ಹೋಗುವವರು ಹಿಂದಿನ ದಿನ ಎಣ್ಣೆ, ಡ್ರಾಪ್ಸ್ ಏನೂ ಹಾಕಬೇಡಿ. ವೈದ್ಯರಿಗೆ ತಮಟೆ ಕಾಣಬೇಕು.

ಬಿ.ಪಿ.ಎಲ್. ಕಾರ್ಡ್, ಆಧಾರ್ ಜೊತೆಗಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ದೊಡ್ಡ ಆಸ್ಪತ್ರೆಗೆ ಹೋಗುವಾಗ, ತುರ್ತಲ್ಲದಿದ್ದರೆ, ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೇಳುತ್ತಾರೆ. ಪತ್ರವಿಲ್ಲದೆ ಬೆಂಗಳೂರಿಗೆ ಹೋಗಿ ಕೌಂಟರಿನಿಂದ ಹಿಂದೆ ಬಂದವರು ನಮ್ಮೂರಲ್ಲಿಯೇ ಇದ್ದಾರೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ನೆಫ್ರೋ ಯುರಾಲಜಿ ಸಂಸ್ಥೆ ಸರ್ಕಾರದ್ದು, ಕಿಡ್ನಿಯ ಎರಡೂ ಬಗೆಯ ತಜ್ಞರು ಅಲ್ಲಿ ಒಂದೇ ಸೂರಿನಡಿ ಸಿಗುತ್ತಾರೆ. ಡಯಾಲಿಸಿಸ್‌ಗಾಗಿ ಅಷ್ಟು ದೂರ ಹೋಗಬೇಕಿಲ್ಲ. 2016ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭವಾದ ಮೇಲೆ ಜಿಲ್ಲಾ ಆಸ್ಪತ್ರೆಗಳಲ್ಲಿ, ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಯಂತ್ರಗಳಿವೆ.

ಕೊನೆಯದಾಗಿ, ನನ್ನ ವೃತ್ತಿಗೆ ಸೇರಿದ ಒಂದು ಮಾತು. ಇ.ಜಿ.ಎಫ್.ಆರ್. 30ರ ಹತ್ತಿರ ಬಂದವರು ರಕ್ತ ಕೊಡುವಾಗ, ಡ್ರಿಪ್ ಹಾಕಿಸಿಕೊಳ್ಳುವಾಗ ಹೆಚ್ಚು ಬಳಸದ ಕೈಯ, ಅಂದರೆ ಬಲಗೈಯವರಾದರೆ ಎಡಗೈಯ, ಮೊಣಕೈ ಮತ್ತು ಮುಂಗೈ ರಕ್ತನಾಳಗಳನ್ನು ಕಾಪಾಡಿಕೊಳ್ಳಬೇಕು. ಫಿಸ್ಟುಲಾ ಮಾಡುವುದು ಹೆಚ್ಚಾಗಿ ಅಲ್ಲಿಯೇ. ಸೂಜಿ ಹಿಡಿದು ನಿಂತವರು ಅವಸರದಲ್ಲಿರುತ್ತೇವೆ, ಎದ್ದು ಕಾಣುವ ನರವೇ ನಮಗೆ ಬೇಕು. ನೀವೇ ಬಾಯಿಬಿಟ್ಟು, "ಅಂಗೈ ಹಿಂಬದಿಯಿಂದ ತೆಗೆಯಿರಿ" ಎನ್ನಿ. ಮೂರು ತಿಂಗಳ ನಂತರ ಮರುಪರೀಕ್ಷೆಗೆ ಬಂದ ಆ ಅಮ್ಮ ನೋವಿನ ಮಾತ್ರೆ ಬಿಟ್ಟಿದ್ದರು, ಅಂಕಿ 45ಕ್ಕೆ ಬಂದಿತ್ತು. ಅವರಿಗೆ ಈ ಎಚ್ಚರಿಕೆ ಇನ್ನೂ ಬೇಕಿರಲಿಲ್ಲ. ಆದರೂ ಕುರ್ಚಿಯಲ್ಲಿ ಕೂತವರೇ ಸೆರಗಿನಿಂದ ಎಡಗೈ ಮುಚ್ಚಿಕೊಂಡು ಬಲಗೈಯನ್ನು ಮುಂದೆ ಚಾಚಿದರು.